ಕರೆವ್ವನ ತಿರುವು

ನಿನ್ನೆ ಬೆಳಿಗ್ಗೆ ಬಾಗಿಲು ತೆರೆದದ್ದೇ ಸುಣ್ಣದ ಪುಡಿ ಮೂಗಿಗೆ ಅಡರಿತು. ಸೀನಿ, ಕಣ್ಣೊರೆಸಿಕೊಂಡು ನೋಡಿದರೆ ಇಬ್ಬರು ದಾರ ಹಿಡಿದು ನಮ್ಮ ರಸ್ತೆಗೆ ಹೊಸ ಗೆರೆ ಹಾಕುತ್ತಿದ್ದಾರೆ. ನೀವು ನಮ್ಮ ರಸ್ತೆ ನೋಡಿಲ್ಲ. ಚಿಕ್ಕೋಡಿಯ ಅಂಚಿನಲ್ಲಿ ಅದು ನೆಟ್ಟಗೆ ಬರುತ್ತದೆ, ನಮ್ಮ ಮನೆಯ ಮುಂದೆ ಏನನ್ನೋ ಬಳಸಿಕೊಂಡು ಸಾಗಿ ಮತ್ತೆ ನೆಟ್ಟಗಾಗುತ್ತದೆ. ಬಳಸಿದ ಆ ಜಾಗದಲ್ಲಿ ಬಾವಿಯಿಲ್ಲ, ಗಿಡವಿಲ್ಲ, ಗುಡಿಯಿಲ್ಲ. ದಾರಿ ಗೊತ್ತಿಲ್ಲದ ಬೈಕಿನವರು ತಿರುವು ಕಾಣದೆ ಅಲ್ಲಿ ಒಣಹಾಕಿದ ನಮ್ಮ ಸಂಡಿಗೆಯ ಮೇಲೆಯೇ ಹಾಯುತ್ತಾರೆ. ಹೀಗಾಗಿ ಇದನ್ನು ನೆಟ್ಟಗೆ ಮಾಡಿರೆಂದು ಪುರಸಭೆಗೆ ಅಲೆದವನೂ ನಾನೇ.

ಎಂಬತ್ತರ ದಶಕದ ಕೊನೆಗೆ ಇದೆಲ್ಲ ಪದ್ಮಣ್ಣ ಕಾಕಾನ ಹೊಲ. ಊರು ಬೆಳೆಯುತ್ತ ಬಂದು ಬದುವಿಗೆ ಹತ್ತಿತ್ತು. ಆಗ ಕಟ್ಟೆಯ ಮೇಲೆ ಮಳೆ ಬೆಳೆಯ ಮಾತು ನಿಂತು, ಮಗಳಿಗೆ ವರ ಗೊತ್ತಾಯಿತೇ ಎಂಬ ಧಾಟಿಯಲ್ಲಿ, "ನಿಮ್ಮ ಹೊಲಕ್ಕ ಎನ್ಎ ಆತೇನ್ರಿ?" ಎಂದು ಕೇಳುತ್ತಿದ್ದರು. ಈ ಹೊಲ ಇನ್ನು ಹೊಲವಲ್ಲ, ಮನೆ ಕಟ್ಟಬಹುದು ಎಂಬ ಸರಕಾರದ ಅಪ್ಪಣೆ ಅದು. ಕಾಕಾನ ಹೊಲಕ್ಕೂ ಆಯಿತು. ಪ್ಲಾಟಿನ ಕಲ್ಲು ನೆಟ್ಟರು, ಕೆಲವು ಮಾರಿಯೂ ಆದವು. ಆದರೆ ಖಾಲಿ ನೆಲ ಕಂಡರೆ ಕಾಕಾನ ಕೈ ಸುಮ್ಮನಿರಬೇಕಲ್ಲ. ಮುಂಗಾರು ಬಿದ್ದದ್ದೇ ಕಲ್ಲುಗಳ ನಡುವೆ ಗೋವಿನಜೋಳ ಬಿತ್ತಿಬಿಟ್ಟ. ಪ್ಲಾಟು ಕೊಂಡ ಮಾಸ್ತರರೊಬ್ಬರು ಹೆಂಡತಿಗೆ ಅಡುಗೆಮನೆಯ ಜಾಗ ತೋರಿಸಲು ಬಂದು ಆಳೆತ್ತರದ ಬೆಳೆಯೊಳಗೆ ದಾರಿ ತಪ್ಪಿದರು.

"ಅಲ್ಲೇ ನಿಂತ ಕೂಗ್ರಿ ಮಾಸ್ತರ, ದನಿ ಹಿಡದ ಬರತೀನಿ," ಎಂದು ಕಾಕಾ ಒಳನುಗ್ಗಿ ಇಬ್ಬರನ್ನೂ ಹೊರತಂದ. "ನಾಕ ತೆನಿ ಮುರಕೊಂಡ ಹೋಗ್ರಿ. ನಿಮ್ಮ ಅಡಗಿಮನ್ಯಾಗಿನವ ಅಲ್ಲೇನು."

ತೆನೆ ಮುರಿದ ಮೇಲೆ ರಸ್ತೆಗೆ ಗೆರೆ ಹಾಕಲು ನಿಪ್ಪಾಣಿಯಿಂದ ಸಾಹೇಬರೊಬ್ಬರು ಬಂದರು. ನಾನಾಗ ಕಾಲೇಜು ಮುಗಿಸಿ ಉಂಡಾಡಿಯಾಗಿದ್ದೆ. ಟೇಪಿನ ಒಂದು ತುದಿ ಕೈಗೆ ಸಿಕ್ಕದ್ದೇ ಊರನ್ನು ನಾನೇ ಕಟ್ಟುತ್ತಿದ್ದೇನೆ ಎಂಬ ಗತ್ತು ಬಂತು. ಸುಣ್ಣದ ಗೆರೆ ನೆಟ್ಟಗೆ ಬಂದು ಕರೆವ್ವನ ಮುಂದೆ ನಿಂತಿತು. ಕರೆವ್ವ ಎಂದರೆ ಕಾಕಾನ ಹೆಂಡತಿ ಕಾಕುವಿನ ಎಮ್ಮೆ. ಗೂಟದ ಹತ್ತಿರ ಮೆಲುಕು ಹಾಕುತ್ತ ನಿಂತಿತ್ತು. ಕಾಕು ಚರಿಗೆ ಹಿಡಿದು ಹಿಂಡಲು ಕೂತಿದ್ದಳು.

"ಕಾಕು, ಎಮ್ಮಿ ಜರಾ ಸರಸ್ರಿ," ಎಂದರು ಸಾಹೇಬರು.

"ಇದು ಇಲ್ಲಿ ನಿಂತರನ ಹಾಲ ಬಿಡತೈತ್ರಿ. ಬ್ಯಾರೆ ಕಡೆ ಕಟ್ಟಿದ್ರ ಒಂದ ಹನಿ ಬಿಡೂದಿಲ್ಲ."

"ರಸ್ತಾ ಬರಬೇಕಲ್ರಿ."

"ಬರ್ಲಿ. ರಸ್ತಾಕ್ಕ ಬಳಸಿ ಹೋಗಾಕ ಬರತೈತಿ. ಇದಕ್ಕ ಬರೂದಿಲ್ಲ."

ಕಾಕಾ ಮೆಲ್ಲಗೆ, "ಜನಾ ನಗತಾರ, ಏಳ," ಎಂದ. ಕಾಕು ತಿರುಗಿಯೂ ನೋಡಲಿಲ್ಲ. "ಹೊಲಾ ಮಾರೂಮುಂದ ನನ್ನ ಕೇಳಿದ್ರೇನ್ರಿ? ಎಮ್ಮಿ ನನ್ನ ತವರಮನಿದು. ಅದು ನಿಂತ ಜಾಗಾನೂ ನಂದ."

ಕಾಕಾ ಆಕಾಶ ನೋಡಿದ. ನಾನು ಟೇಪು ಬಿಟ್ಟು ನಕ್ಕೆ. ಅಷ್ಟು ದೊಡ್ಡ ಹೊಲದಲ್ಲಿ ಅವಳ ಮಾತು ನಡೆದದ್ದು ಒಂದು ಎಮ್ಮೆ ನಿಲ್ಲುವಷ್ಟು ನೆಲದ ಮೇಲೆ ಮಾತ್ರ. ಅಷ್ಟನ್ನು ಅವಳು ಬಿಡಲಿಲ್ಲ.

ಕಾಕು ಅದೇ ಹಾಲಿನ ಚಹಾ ಮಾಡಿ ಕೊಟ್ಟಳು. ಗಟ್ಟಿ ಚಹಾ ಕುಡಿದ ಸಾಹೇಬರಿಗೆ ವಾದ ಮಾಡುವ ಬಾಯಿ ಉಳಿಯಲಿಲ್ಲ. ಎಮ್ಮೆ ಹೋದ ಮೇಲೆ ನೆಟ್ಟಗೆ ಮಾಡಿದರಾಯಿತೆಂದು ಬಳಸಿ ಗೆರೆ ಹಾಕಿದರು. ಗೆರೆಯ ಹಿಂದೆ ಖಡಿ ಬಂತು, ಖಡಿಯ ಹಿಂದೆ ಡಾಂಬರು. ಕರೆವ್ವ ಹೋಯಿತು, ಕೆಲವು ವರ್ಷಕ್ಕೆ ಕಾಕುವೂ ಹೋದಳು. ಆ ಜಾಗದ ಹಿಂದಿನ ಪ್ಲಾಟಿನಲ್ಲಿ ನಾನು ಮನೆ ಕಟ್ಟಿದೆ, ಹೆಂಡತಿ ಸಂಡಿಗೆ ಒಣಹಾಕಿದಳು.

ನಿನ್ನೆ ಗೆರೆ ಅಲ್ಲಿಗೇ ಬಂತು. ನಾನು ಲುಂಗಿಯಲ್ಲಿ ಎಲಡಿಕೆ ಅಗಿಯುತ್ತ ಸರಿಯಾಗಿ ಗೂಟವಿದ್ದಲ್ಲಿ ನಿಂತಿದ್ದೆ.

"ಜರಾ ಸರೀರಿ," ಎಂದ ಸುಣ್ಣದವನು. "ನೆಟ್ಟಗ ಮಾಡ್ರಿ ಅಂದವ್ರು ನೀವ ಅಲ್ರಿ?"

"ಹೌದ್ರಿ," ಎಂದೆ. ಕಾಲು ಮಾತ್ರ ಕದಲಲಿಲ್ಲ.

ಕಿಟಕಿಯಿಂದ ಹೆಂಡತಿ, "ಏನ್ರಿ ಇದು, ಎಮ್ಮಿ ನಿಂತಂಗ ನಿಂತೀರಲ್ಲ," ಎಂದಳು.

"ಇವ್ರಿಗೆ ಚಾ ಮಾಡ. ಹಾಲ ಜಾಸ್ತಿ ಹಾಕ," ಎಂದೆ.

ಅವನು ಕುಡಿದ, ತಲೆ ಕೆರೆದುಕೊಂಡ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಸುಣ್ಣದ ಗೆರೆ ನನ್ನನ್ನು ಬಳಸಿಕೊಂಡು ಹೋಯಿತು.