ಕುದುರೆಯ ಹಾಗೆ ಹಾರುವ ರಾಜ

ಕಾಪುವಿನಿಂದ ಕಾರ್ಕಳದವರೆಗೆ ಚೆಸ್ಸಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಮೀನಿನ ಲಾರಿ ಓಡಿಸುತ್ತಲೇ, ಹಲಗೆಯ ಮುಖ ನೋಡದೆ, ಉದ್ಯಾವರದ ಸೇತುವೆ ದಾಟುವಷ್ಟರಲ್ಲಿ ಕ್ಲೀನರನನ್ನು ಮೂರು ಸಲ ಸೋಲಿಸಿದವ ನಾನು. ಆದರೆ ಜೊತೆಗೆ ಆಡುತ್ತಿದ್ದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ತೀರಿಹೋದರು. ನನ್ನ ಆಟ ನಿಜವಾಗಿ ಎಷ್ಟು ಗಟ್ಟಿ ಎಂದು ನೋಡುವ ಆಸೆಯಿಂದ ಕಳೆದ ವರ್ಷ ಅಂಬಲಪಾಡಿಯ ಒಂದು ಪಂದ್ಯಕ್ಕೆ ಹೆಸರು ಕೊಟ್ಟೆ.

ಎದುರಿಗೆ ಕೂತದ್ದು ಬನ್ನಂಜೆಯ ಒಬ್ಬರು ಟೀಚರ್. ಅವರ ಮಂತ್ರಿ ನನ್ನ ರಾಜನನ್ನು ಮೂಲೆಗೆ ಒತ್ತಿದಾಗ ನಾನು ನಗುತ್ತಾ ರಾಜನನ್ನು ಕುದುರೆಯ ಹಾಗೆ ಹಾರಿಸಿದೆ.

"ಅಜ್ಜ, ಇದೆಂತ?"

"ಅಲ್ಲಿವರೆಗೆ ಚೆಕ್ ಬೀಳದ ರಾಜ ಒಮ್ಮೆ ಹಾರಬಹುದಲ್ವಾ? ನಮ್ಮಲ್ಲಿ ಅಪ್ಪನ ಕಾಲದಿಂದ ಉಂಟು."

ತೀರ್ಪುಗಾರರು ಬಂದರು. "ಇಲ್ಲಿ ಅದಿಲ್ಲ. ರಾಜನನ್ನು ಮುಟ್ಟಿದ್ದೀರಿ, ಅವನನ್ನೇ ಒಂದು ಮನೆ ನಡೆಸಿ."

ನಡೆಸಿದೆ. ಅಲ್ಲಿಗೆ ಮುಗಿಯಿತು.

ಹೊರಗೆ ಚಾ ಕುಡಿಯುವಾಗಲೂ ನಾನು ಜಂಬ ಬಿಡಲಿಲ್ಲ. "ನಮ್ಮ ಕ್ರಮದಲ್ಲಿ ಆಡಿದ್ದರೆ ನೀವು ಉಳಿಯುತ್ತಿರಲಿಲ್ಲ ಟೀಚರ್."

"ಹಾಗಾದರೆ ಆಡುವ, ಬನ್ನಿ," ಎಂದು ಅವರು ಬೆಂಚಿನ ಮೇಲೆ ಹಲಗೆ ಇಟ್ಟರು.

ನನ್ನ ರಾಜ ಚೆನ್ನಾಗಿಯೇ ಹಾರಿದ. ಆದರೆ ಇಳಿದಲ್ಲಿಂದ ಹೊರಡಲು ದಾರಿ ಇರಲಿಲ್ಲ. ನಮ್ಮ ಕ್ರಮದಲ್ಲಿಯೂ ಸೋತೆ.

"ಅಜ್ಜ, ಬೇಸರ ಮಾಡಬೇಡಿ," ಎಂದರು ಟೀಚರ್. "ನೀವು ನಿಮ್ಮ ನಡೆ ಮಾತ್ರ ನೋಡುತ್ತೀರಿ. ಎದುರಿನವರು ಎಂತ ಮಾಡುತ್ತಾರೆ ಎಂದು ನೋಡುವುದೇ ಇಲ್ಲ."

ಬಸ್ಸಿನಲ್ಲಿ ಅದೇ ಮಾತು ಕೊರೆಯಿತು. ನಲವತ್ತು ವರ್ಷ ಎದುರು ಕೂತ ಗೆಳೆಯರಲ್ಲಿ ಒಬ್ಬನೂ ಇದನ್ನು ಹೇಳಿ ಹೋಗಲಿಲ್ಲ. ಪಾಪ, ಅವರು ಹೇಳಬೇಕಾದರೆ ಮೊದಲು ನಾನು ಬಾಯಿ ಮುಚ್ಚಬೇಕಿತ್ತಲ್ಲ.