ಉಪ್ಪು ಜಾಸ್ತಿ ಆಯ್ತಂತೆ

ತಪ್ಪು ನಂದೇ. ಒಂದು ಸ್ಪ್ಯಾನಿಷ್ ಸಿನಿಮಾನ ಸೋಫಾ ಮೇಲೆ ಕೂತ್ಕೊಂಡು ಲೈವ್ ಆಗಿ ಕನ್ನಡಕ್ಕೆ ಡಬ್ ಮಾಡ್ದೆ. ನನಗೆ ಬರೋ ಸ್ಪ್ಯಾನಿಷ್ ಟಾಕೋ ಅಂಗಡೀಲಿ ಖಾರ ಕಮ್ಮಿ ಹಾಕಿ ಅನ್ನೋಷ್ಟು. ಆದ್ರೆ ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡ್ತಿತ್ತು. ಅಮ್ಮನಿಗೆ ಅಷ್ಟು ಸ್ಪೀಡಾಗಿ ಓದಕ್ಕಾಗಲ್ಲ. ಘನ ಪಂಡಿತ ನಾನು ಪಕ್ಕದಲ್ಲೇ ಇದ್ನಲ್ಲ.

ಕೋವಿಡ್ ಗಲಾಟೆ ಎಲ್ಲ ಮುಗಿದ್ಮೇಲೆ ಅಮ್ಮ ಮೊದಲನೇ ಸಲ ಮೈಸೂರಿಂದ ಅಮೆರಿಕಾದ ರಾಕ್‌ವಿಲ್‌ಗೆ ಬಂದಿದ್ರು. ಅವ್ರು ಬರೋ ಹಿಂದಿನ ದಿನ, ಎರಡು ವರ್ಷದಿಂದ ನನ್ನ ಜೊತೆ ಇದ್ದ ಮಂಗಳೂರಿನ ಕ್ಯಾಥಲಿಕ್ ಹುಡುಗೀನ ಅವಳ ಫ್ರೆಂಡ್ ಮನೆಗೆ ಸಾಗಿಸ್ದೆ. ಅವಳ ಚಪ್ಪಲಿ, ಶಾಂಪೂ, ಗೋಡೆ ಮೇಲಿದ್ದ ಪುಟ್ಟ ಶಿಲುಬೆ, ಎಲ್ಲಾ ನನ್ನ ಕಾರಿನ ಟ್ರಂಕ್‌ಗೆ. ಪೊಲೀಸ್ ನಾಯಿ ಬಂದ್ರೂ ಬಾಲ ಅಲ್ಲಾಡಿಸ್ಕೊಂಡು ವಾಪಸ್ ಹೋಗ್ಬೇಕು, ಆ ಥರ ಕ್ಲೀನಿಂಗ್ ಮಾಡಿದೀನಿ ಅನ್ನೋ ಜಂಬ ನಂಗೆ.

ಅವಳು ಒಂದೇ ಮಾತು ಹೇಳಿದ್ಲು: "ಆಂಟಿ ವಾಪಸ್ ಹೋಗುವ ಮೊದಲು ನೀನೇ ಹೇಳು. ಇಲ್ಲದಿದ್ರೆ ದೂರದ ಡರ್ಹಮ್‌ನಲ್ಲಿ ಸಿಕ್ಕಿದ ಕೆಲಸಕ್ಕೆ ನಾನು ಹೂಂ ಅಂತೇನೆ."

ಒಂದು ಭಾನುವಾರ ಮಧ್ಯಾಹ್ನ 'ಫ್ರೆಂಡ್' ಅಂತ ಹೇಳಿ ಅವಳನ್ನ ಊಟಕ್ಕೆ ಕರೆದೆ. ಸಿನಿಮಾ ಹಾಕಿದ್ದು ಅವಳೇ. ಮ್ಯಾಡ್ರಿಡ್‌ನಲ್ಲಿ ಒಂದು ಮನೆ, ಬೆಳೆದು ನಿಂತ ಮೂರು ಮಕ್ಕಳು, ಅವರ ಪ್ರೀತಿ, ಜಗಳ, ತಮಾಷೆ. ಕೊನೇ ಮಗ ಗುಟ್ಟಾಗಿ ಒಂದು ಹುಡುಗಿ ಜೊತೆ ಇದಾನೆ. ಊಟದ ಟೇಬಲ್ ಹತ್ರ ಆ ಹುಡುಗಿ ಕೇಳ್ತಾಳೆ, ನಾನು ಯಾರು ಅಂತ ನಿಮ್ಮಮ್ಮನಿಗೆ ಹೇಳಿದ್ಯಾ ಅಂತ.

"ಏನಂತೋ?" ಅಂದ್ರು ಅಮ್ಮ.

"ಸಾರಿಗೆ ಉಪ್ಪು ಹಾಕಿದ್ಯಾ ಅಂತೆ."

"ಅಷ್ಟಕ್ಕೆ ಯಾಕೋ ಅಳ್ತಿದಾಳೆ?"

"ಉಪ್ಪು ಜಾಸ್ತಿ ಆಯ್ತಂತೆ ಅಮ್ಮ."

ನಾನೊಬ್ಬನೇ ನಕ್ಕೆ.

ಹೊರಡೋವಾಗ ಬಾಗ್ಲಲ್ಲಿ ಅವಳು ಮೆಲ್ಲಗೆ ಅಂದ್ಲು: "ಎಂತ ಡಬ್ಬಿಂಗ್ ಮಾರಾಯ. ನನ್ನ ಡೈಲಾಗೂ ನೀನೇ ಹೇಳಿಬಿಟ್ಟೆ." ಅಮ್ಮ ಊರಿಗೆ ಹೋಗೋವರೆಗೂ ಅವಳು ಕಾಯ್ಲಿಲ್ಲ. ಮುಂದಿನ ವಾರಾನೇ ಟ್ರಂಕಿಂದ ಸಾಮಾನು ಇಳಿಸ್ಕೊಂಡು ಡರ್ಹಮ್‌ಗೆ ಹೊರಟೇ ಹೋದ್ಲು.

ಅವತ್ತಿಂದ ಕಾರು ತಿರುಗಿಸಿದಾಗೆಲ್ಲ ಟ್ರಂಕಲ್ಲಿ ಏನೋ ಉರುಳಿದ ಸದ್ದು. ಮೂರು ಸಲ ನಿಲ್ಲಿಸಿ ತೆಗೆದು ನೋಡ್ದೆ. ಖಾಲಿ. ಊಟಕ್ಕೆ ಕೂತ್ರೆ ಎದುರಿನ ಕುರ್ಚೀಲಿ ಆ ಸ್ಪ್ಯಾನಿಷ್ ಹುಡುಗಿ ಬಂದು ಕೂತಂಗೆ. ಅದೇ ಪ್ರಶ್ನೆ. ಈಗ ಸಬ್‌ಟೈಟಲ್ ಇಲ್ದೇನೇ ಅರ್ಥ ಆಗುತ್ತೆ.

ಅಮ್ಮ ಊರಿಗೆ ಹೊರಡೋಕೆ ಎರಡು ದಿನ ಇದ್ದಾಗ ಪಕ್ಕದೂರು ಲ್ಯಾನ್‌ಹ್ಯಾಮ್‌ನ ದೇವಸ್ಥಾನದ ಕ್ಯಾಂಟೀನಲ್ಲಿ ದೋಸೆ ಮುಂದೆ ಇಟ್ಕೊಂಡು ಕೊನೆಗೂ ಬಾಯಿ ಬಿಟ್ಟೆ. ಎಲ್ಲಾ ಹೇಳ್ದೆ, ಉಪ್ಪಿನ ಕಥೆ ಸಮೇತ. ಅಮ್ಮ ತುಂಬಾ ಹೊತ್ತು ದೋಸೆ ಮುರೀತಾನೇ ಇದ್ರು, ಒಂದು ತುಂಡೂ ಬಾಯಿಗೆ ಹಾಕ್ಲಿಲ್ಲ.

"ಬಂದ ದಿನಾನೇ ಅಡುಗೆಮನೆ ಡಬ್ಬೀಲಿ ಮಂಗಳೂರು ಕಡೆಯ ಕೆಂಪು ಕುಚ್ಚಲಕ್ಕಿ ನೋಡ್ದೆ. ನಮ್ಮನೇಲಿ ಅದನ್ನ ತಿನ್ನೋರು ಯಾರೋ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಅವತ್ತು ನೀನು ಉಪ್ಪು ಅಂದಾಗ ಆ ಹುಡುಗಿ ನನ್ನ ಮುಖಾನೇ ನೋಡಿದ್ಲು ಕಣೋ. ನಂಗೆಲ್ಲಾ ಗೊತ್ತಿತ್ತು. ಆದ್ರೂ ಟಿವಿ ಕಡೆ ತಿರುಗಿಬಿಟ್ಟೆ."