ಮೋಟು ಸುರುಳಿಗೆ ಜೂರಾಕನ್ ಕಾವಲು

ಬೆಳಕು ಹರಿಯುವ ಮೊದಲೇ, ಒಲೆಯ ಸುರುಳಿ ಸುತ್ತುವ ಜೂರಾಕನ್ ಅಕ್ಕ ಕುರುಬ ತಿನಾಲಿಯ ಮನೆಯ ಬಾಗಿಲು ಬಡಿಯುತ್ತಾರೆ. ಕಾಲಿಗೆ ಉಣ್ಣೆಯ ಬೂಟು, ಕುತ್ತಿಗೆಯಲ್ಲಿ ತಾಯತದಂತೆ ತೂಗುವ ಮೀಟರು. ಚಹಾ ಬೇಡವೆಂದು ಕೈಯಾಡಿಸಿ, ಮೂಲೆಯಲ್ಲಿ ಕೆಂಪಗೆ ಉರಿಯುವ ಕರೆಂಟಿನ ಒಲೆಯ ಮುಂದೆ ಕೂರುತ್ತಾರೆ. ಪ್ಲಗ್ಗಿನಲ್ಲಿ ನೂರ ಎಪ್ಪತ್ತು ವೋಲ್ಟ್. ಮೀಟರಿನ ದವಡೆಯೊಳಗೆ ಒಲೆಯ ತಂತಿಯೊಂದನ್ನು ಸೇರಿಸಿದರೆ ಹತ್ತು ಆಂಪಿಯರ್.

"ನೂರ ಎಪ್ಪತ್ತನ್ನ ಹತ್ತರಿಂದ ಭಾಗಿಸಿದ್ರೆ ಹದಿನೇಳು ಓಮ್. ನಾನು ಸುತ್ತಿಕೊಟ್ಟಿದ್ದು ಇಪ್ಪತ್ನಾಲ್ಕರ ಸುರುಳಿ. ಮಿಕ್ಕಿದ್ದು ಎಲ್ಲಿ ತಮ್ಮಾ, ಇಲಿ ತಿಂತಾ?"

ತಿನಾಲಿ ಟೋಪಿ ಸರಿಸಿ ತಲೆ ಕೆರೆದುಕೊಳ್ಳುತ್ತಾನೆ. "ಅಕ್ಕಾ, ಇವತ್ತು ಜನ ಬರ್ತಾರೆ. ಚಳೀಲಿ ಕೂರಿಸಿದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?"

ಅವನ ಮಾತೂ ಸುಳ್ಳಲ್ಲ. ಊರ ಹಿರಿಯ ಸರಿಮ್ಸಾಕ್ ಅಜ್ಜ ತೀರಿಕೊಂಡಿದ್ದಾರೆ, ಇಂದು ಮಧ್ಯಾಹ್ನ ಮಣ್ಣು. ಅವರ ಅಂಗಳದ ಉಣ್ಣೆ ಡೇರೆಯಲ್ಲಿ ಹೆಂಗಸರು ಕೂತು ಹಾಡಿ ಅಳುತ್ತಿದ್ದಾರೆ. ಕಣಿವೆಯ ಹಳ್ಳಿಗಳಿಂದ ಬರುವವರನ್ನು ನೆರೆಹೊರೆಯ ಮನೆಗಳು ಹಂಚಿಕೊಂಡು, ಬೆಚ್ಚಗೆ ಕೂರಿಸಿ, ಕುದುರೆ ಮಾಂಸ ಬಡಿಸಬೇಕು. ಅತಿಥಿ ನಡುಗಿದ ಮನೆಯ ಹೆಸರನ್ನು ಈ ಕಡೆ ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ.

ಆದರೆ ಅರವತ್ತು ಮನೆಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್. ಕಳೆದ ಚಳಿಗಾಲ ಒಂದು ಮದುವೆಯ ದಿನವೇ ಅದು ಸುಟ್ಟಿತು. ದಾರಿಗೆ ಹಿಮ ಬಿದ್ದಿತ್ತು. ನಾರಿನ್ ಪಟ್ಟಣದಿಂದ ರಿಪೇರಿಯವರು ಬರುವಷ್ಟರಲ್ಲಿ ನೀರಿನ ಪಂಪು ಹೆಪ್ಪುಗಟ್ಟಿ ಒಡೆದಿತ್ತು. ಊರು ಹಿಮ ಕರಗಿಸಿ ಕುಡಿಯಿತು. ಸರಿಮ್ಸಾಕ್ ಅಜ್ಜನ ಮಣ್ಣಿನ ದಿನವೂ ಹಾಗಾದರೆ ಎಂಬ ಹೆದರಿಕೆಯೇ ಜೂರಾಕನ್ ಅವರನ್ನು ಮನೆ ಮನೆ ಸುತ್ತಿಸುತ್ತಿದೆ.

ಚಳಿಗಾಲ ಬಂದರೆ ಎಲ್ಲರೂ ಒಲೆ ಹಚ್ಚುತ್ತಾರೆ, ವೋಲ್ಟ್ ಇಳಿಯುತ್ತದೆ, ಸುರುಳಿ ಮಂಕಾಗುತ್ತದೆ. ಆಗ ಜಾಣರು ಇಕ್ಕಳ ಹಿಡಿದು ಸುರುಳಿಯ ಒಂದು ತುಂಡು ಕತ್ತರಿಸುತ್ತಾರೆ. ಸುರುಳಿ ಮೋಟಾದರೆ ಅದರ ತಡೆ ಕಡಿಮೆ, ಕರೆಂಟು ಜಾಸ್ತಿ, ಶಾಖವೂ ಜಾಸ್ತಿ. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರೂ ಮಾಡುತ್ತಾರೆ.

"ಗುಣಿಸಿ ನೋಡು," ಎಂದು ಜೂರಾಕನ್ ಒಲೆಯ ಪ್ಲಗ್ಗು ಕೀಳುತ್ತಾರೆ. "ನೂರ ಎಪ್ಪತ್ತು ಹತ್ತಲಿ ಸಾವಿರದ ಏಳ್ನೂರು ವಾಟ್. ಇವತ್ತು ನಿಂಗೆ ಹಬ್ಬ. ನಾಳೆ ಎಲ್ರೂ ಕತ್ತರಿಸ್ತಾರೆ, ವೋಲ್ಟು ನೂರ ಐವತ್ಮೂರಕ್ಕೆ ಬೀಳತ್ತೆ, ನಿನ್ ಒಲೆಗೆ ಒಂಬತ್ತೇ ಆಂಪಿಯರ್. ಸಾವಿರದ ಮುನ್ನೂರ ಎಪ್ಪತ್ತೇಳು ವಾಟು. ಯಾರೂ ಕತ್ತರಿಸದೇ ಇದ್ದಿದ್ರೂ ಸಾವಿರದ ಇನ್ನೂರು ಸಿಕ್ತಿತ್ತು. ಅಷ್ಟರ ಆಸೆಗೆ ಕಂಬದ ಮೇಲಿರೋದನ್ನ ಸುಡ್ತೀಯಾ?"

ಐವತ್ತೆಂಟರ ಜೂರಾಕನ್ ಈ ಲೆಕ್ಕ ಕಲಿತದ್ದು ಉಣ್ಣೆ ಕತ್ತರಿಸುವ ಕೇಂದ್ರದಲ್ಲಿ. ಸೋವಿಯತ್ ಕಾಲದ ಸಾಮೂಹಿಕ ಬೇಸಾಯದ ಕೇಂದ್ರ ಅದು. ಕತ್ತರಿ ಯಂತ್ರಗಳ ಮೋಟಾರು ನೋಡಿಕೊಳ್ಳುವ ಕೆಲಸಕ್ಕೆ ಹುಡುಗಿಯಾಗಿ ಸೇರಿದರು. ದೇಶ ಒಡೆದು ಕೇಂದ್ರ ಮುಚ್ಚಿದ ಮೇಲೆ ಕಬ್ಬಿಣದ ಸಲಾಕೆಗೆ ತಂತಿ ಸುತ್ತಿ ಒಲೆಯ ಸುರುಳಿ ಮಾಡತೊಡಗಿದರು. ಬಿಸಿ ತಂತಿ ಮುಟ್ಟಿ ಮುಟ್ಟಿ ಬೆರಳ ತುದಿಗಳು ಜಡ್ಡುಗಟ್ಟಿವೆ. "ಬಿಸಿ ಚಹಾ ಬಟ್ಟಲು ಹಿಡಿಯೋಕೆ ಅನುಕೂಲ," ಎಂದು ನಗುತ್ತಾರೆ.

ತಿನಾಲಿಗೆ ಉದ್ದ ಸುರುಳಿ ಹಾಕಿಕೊಟ್ಟು, ಅತಿಥಿಗಳ ಕೋಣೆಯಲ್ಲಿ ಬೆರಣಿ ಒಲೆ ಹಚ್ಚಲು ಹೇಳುತ್ತಾರೆ. ಅವನ ಹೆಂಡತಿ ಮೂಗು ಮುರಿಯುತ್ತಾಳೆ: ಬಂದವರ ಮುಂದೆ ಸಗಣಿ ಹೊಗೆಯೇ! "ಅಜ್ಜ ಹುಟ್ಟಿದ್ದು, ಬೆಳೆದದ್ದು ಆ ಹೊಗೇಲೇ ಕಣೇ. ಅವ್ರು ಬೇಜಾರು ಮಾಡ್ಕೊಳಲ್ಲ," ಎಂದು ಜೂರಾಕನ್ ಮುಂದಿನ ಮನೆಗೆ ನಡೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ಚೀಲದಲ್ಲಿ ತಂದಿದ್ದ ಉದ್ದ ಸುರುಳಿಗಳೆಲ್ಲ ಖಾಲಿ. ಹಾಗಿದ್ದೂ ವೋಲ್ಟ್ ಅವರ ಮನಸ್ಸಿಗೆ ಬರುವಷ್ಟು ಏರಿಲ್ಲ. ಬೀದಿಯಲ್ಲಿ ಇನ್ನೂ ಯಾರೋ ಹೀರುತ್ತಿದ್ದಾರೆ.

ಉಳಿದದ್ದು ತಮ್ಮದೇ ಮನೆ. ಗಂಡ ಕಲ್ಮತ್ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಅವರ ಪಾಲಿಗೆ ಬಂದಿರುವುದು ದೂರದ ಹಳ್ಳಿಯ ಮುದುಕರು. ಜೂರಾಕನ್ ಗಂಡನನ್ನು ಪಕ್ಕಕ್ಕೆ ಸರಿಸಿ ಒಳಹೋಗಿ ಮೀಟರು ಹಿಡಿಯುತ್ತಾರೆ: ಹನ್ನೆರಡು ಆಂಪಿಯರ್. ದೀಪದ ಬುಡದಲ್ಲೇ ಕತ್ತಲೆ.

"ಊರಿಗೆಲ್ಲಾ ನಾನು ಬುದ್ಧಿ ಹೇಳ್ಕೊಂಡು ಬರ್ತಾ ಇದ್ರೆ, ನೀನು ಒಳಗೆ ಕೂತು ಇಕ್ಕಳ ಆಡಿಸ್ತಿದ್ಯಾ ಮುದುಕಪ್ಪ?"

"ಮಂಡಿನೋವಿನ ಮುದುಕ್ರು ಕಣೇ ಅವ್ರು," ಎನ್ನುತ್ತಾರೆ ಕಲ್ಮತ್, ನೆಲ ನೋಡುತ್ತಾ. "ಎಲ್ರ ಮನೇದು ನೀನು ಸರಿ ಮಾಡ್ತೀಯಲ್ಲ, ನಮ್ದೊಂದು ಇರ್ಲಿ ಅಂದ್ಕೊಂಡೆ."

"ಎಲ್ರೂ ಹಂಗೇ ಅಂದ್ಕೊಂಡಿದ್ದು."

ಜೂರಾಕನ್‌ಗೆ ನಿಜಕ್ಕೂ ನೋವಾಗಿದೆ, ಅದು ಮುಖದಲ್ಲೇ ಕಾಣುತ್ತದೆ. ಚೀಲದಲ್ಲಿ ಸುರುಳಿ ಉಳಿದಿಲ್ಲ. ಅವರು ಒಲೆಯ ತಂತಿಯನ್ನೇ ಕಿತ್ತು ಜೇಬಿಗಿಟ್ಟುಕೊಂಡು, ಬೆರಣಿ ತರಲು ಹಿತ್ತಲಿಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಕಲ್ಮತ್ ಕೂಡ ಬುಟ್ಟಿ ಹಿಡಿದು ಹಿಂದೆ ಬರುತ್ತಾರೆ.

ಮಧ್ಯಾಹ್ನ ಅಜ್ಜನನ್ನು ಹೊತ್ತೊಯ್ಯುತ್ತಾರೆ. ಮನೆಮನೆಯಲ್ಲೂ ಮಾಂಸ ಬೇಯುತ್ತದೆ, ಹಿಟ್ಟಿನ ಉಂಡೆಗಳು ಎಣ್ಣೆಯಲ್ಲಿ ಉಬ್ಬುತ್ತವೆ, ಪಂಪಿನಿಂದ ಬಕೆಟ್ಟುಗಳು ತುಂಬಿ ಬರುತ್ತವೆ. ಕಲ್ಮತ್ ಅವರ ಮುದುಕರು ಬೆರಣಿ ಒಲೆಗೆ ಮಂಡಿಯೊಡ್ಡಿ ಕೂತು ಸತ್ತವನ ಹಳೆಯ ಕುದುರೆಗಳನ್ನು ನೆನೆಯುತ್ತಾರೆ. ಕತ್ತಲಾಗುವಾಗ ಬೀದಿಯ ದೀಪಗಳು ಹತ್ತುತ್ತವೆ. ಅವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಟ್ರಾನ್ಸ್‌ಫಾರ್ಮರಿನ ಕಂಬದ ಕೆಳಗೆ ಜೂರಾಕನ್ ಒಬ್ಬರೇ ನಿಂತು ಅದರ ಗುಂಯ್ ಸದ್ದು ಕೇಳುತ್ತಿದ್ದಾರೆ. ಇನ್ನೂ ಇಲ್ಲೇಕೆ ನಿಂತಿದ್ದೀರಿ ಎಂದು ದಾರಿಹೋಕರು ಕೇಳಿದರೆ ಕೈಗವಸು ಹಾಕಿಕೊಳ್ಳುತ್ತಾ ಹೇಳುತ್ತಾರೆ:

"ಕರೆಂಟು ಹೋದ್ರೆ ಇಡೀ ಊರು ಜೂರಾ, ಜೂರಾ ಅಂತ ಕೂಗತ್ತೆ. ಬೆಳಿಗ್ಗೆಯಿಂದ ಕಿವಿಗೊಟ್ಟು ಕೇಳ್ತಾನೇ ಇದೀನಿ. ಇವತ್ತು ಯಾರೂ ಕೂಗ್ಲಿಲ್ಲ."